ಗೋರಿಯೊಳಗೆ ಕಾಮಗಾರಿ ಪ್ರಗತಿಯಲ್ಲಿದೆ

ಮರಳುಗಲ್ಲಿನ ಉದ್ದನೆಯ ಹಜಾರ. ಎರಡೂ ಬದಿಗೆ ತೋಳಿನ ತೆಕ್ಕೆಗೆ ಸಿಗದಷ್ಟು ದಪ್ಪದ ಕಂಬಗಳು, ಕಂಬದ ಮೈತುಂಬ ಮಾಸಿದ ಚಿತ್ರಲಿಪಿ. ಎಡಗೋಡೆಯಲ್ಲಿ ಒಂದೇ ಒಂದು ಪಂಜು ಉರಿಯುತ್ತಿದೆ. ಅದರ ಕೆಂಬೆಳಕು ನಾಲ್ಕು ಕಲ್ಲುಹಾಸು ದಾಟಿ ಬರುತ್ತದೆ, ಐದನೆಯದರ ಹೊತ್ತಿಗೆ ಸೋತುಹೋಗುತ್ತದೆ. ಆಚೆಗೆಲ್ಲ ಕತ್ತಲು. ಕತ್ತಲೊಳಗೆ ಚೇಳು ಓಡಾಡುವ ಸರಸರ ಸದ್ದು. ಹಜಾರದ ನಟ್ಟನಡುವೆ ನೆಲ ಕುಸಿದು ಹೊಂಡ ಬಿದ್ದಿದೆ. ಹೊಂಡದ ತಳದಲ್ಲಿ ಮೇಲ್ಮೊಗವಾಗಿ ನಿಂತ ಈಟಿಮೊನೆಗಳು.

ಹೊಂಡದ ಅಂಚಿನಲ್ಲಿ ಒಬ್ಬ ಹೆಂಗಸು. ತೋಳಿಲ್ಲದ ಬಿಗಿ ಅಂಗಿ, ತುಂಡು ಚಡ್ಡಿ, ಬೆನ್ನಿಗೆ ಪುಟ್ಟ ಚೀಲ, ತೊಡೆಯ ಎರಡೂ ಬದಿಗೆ ಪಿಸ್ತೂಲು, ಬೆನ್ನ ಮೇಲೆ ಇಳಿಬಿದ್ದ ಉದ್ದ ಜಡೆ. ಯಾರೂ ಕೀಬೋರ್ಡ್ ಮುಟ್ಟದಿದ್ದರೆ ಹಾಗೇ ನಿಂತು ಉಸಿರಾಡುತ್ತಾಳೆ. ಇವಳು ಲಾರಾ ಕ್ರಾಫ್ಟ್, ಟೂಂಬ್ ರೈಡರ್ ಎಂಬ ವಿಡಿಯೋ ಗೇಮಿನ ನಾಯಕಿ. ಇವಳನ್ನು ಬಿಟ್ಟರೆ ಈ ಹಜಾರದಲ್ಲಿ ಗೇಮ್ ಕಂಪನಿ ಜೋಡಿಸಿಟ್ಟದ್ದು ಎಂಬುದು ಒಂದೂ ಇಲ್ಲ. ಅಂಗಡಿಯಲ್ಲಿ ಮಾರಿದ ಯಾವ ಡಿಸ್ಕಿನಲ್ಲೂ ಈ ಗೋರಿ ಇರಲಿಲ್ಲ. ಕಂಬ ನಿಲ್ಲಿಸಿದವನು, ನೆಲ ಅಗೆದವನು, ಪಂಜು ಹಚ್ಚಿದವನು, ಚೇಳು ಬಿಟ್ಟವನು ಎಲ್ಲ ಒಬ್ಬನೇ. ಹಗಲು ಎಲ್ಲೋ ನೌಕರಿ ಮಾಡಿ, ರಾತ್ರಿ ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕೂತು ಗೋರಿ ಕಟ್ಟುವ ಅಭಿಮಾನಿ. ಅವನ ಲೆವೆಲ್, ಅಂದರೆ ಅವನು ಕಟ್ಟಿದ ಆಟದ ಹಂತ, ಒಮ್ಮೆ ಹೊರಬಂದಾಗಿದೆ, ಜನ ಆಡಿಯೂ ಆಗಿದೆ. ಇವತ್ತು ಅದರ ಪರಿಷ್ಕೃತ ಆವೃತ್ತಿ ಬಿಡುಗಡೆ.

ಈ ಬರಹದಲ್ಲಿ ಬರುವ ಕಟ್ಟುಗ ಯಾರೋ ಒಬ್ಬ ನಿರ್ದಿಷ್ಟ ಮನುಷ್ಯನಲ್ಲ. ಇಂಗ್ಲೆಂಡ್, ಜರ್ಮನಿ, ಇಟಲಿ, ಪೋಲೆಂಡ್ ಎಂದು ಹರಡಿಕೊಂಡಿರುವ ಲೆವೆಲ್ ಕಟ್ಟುವವರ ಹಲವು ರಾತ್ರಿಗಳನ್ನು ಒಂದೇ ಮೇಜಿನ ಮುಂದೆ ತಂದು ಕೂರಿಸಿದ ಚಿತ್ರ ಇದು. ಮೇಜು ಎಲ್ಲ ಕಡೆಯೂ ಸುಮಾರು ಒಂದೇ ತರಹ ಇರುತ್ತದೆ. ಎರಡು ಪರದೆ, ಆರಿದ ಕಾಫಿ, ಕೋಣೆಗಳ ನಕ್ಷೆ ಗೀಚಿದ ನೋಟ್‌ಬುಕ್, ಪಕ್ಕದಲ್ಲಿ ಆಟಗಾರರ ದೂರುಗಳ ಪಟ್ಟಿ.

ಟೂಂಬ್ ರೈಡರ್ ಮೊದಲು ಬಂದದ್ದು 1996ರಲ್ಲಿ. ಇಂಗ್ಲೆಂಡಿನ ಡರ್ಬಿ ಊರಿನ ಕೋರ್ ಡಿಸೈನ್ ಎಂಬ ಸ್ಟುಡಿಯೋ ಅದನ್ನು ಮಾಡಿತು, ಐಡಾಸ್ ಕಂಪನಿ ಮಾರಿತು. ಲಾರಾಳ ರೂಪ ಮೊದಲು ಮೂಡಿದ್ದು ಟೋಬಿ ಗಾರ್ಡ್ ಎಂಬ ಕಲಾವಿದನ ಕೈಯಲ್ಲಿ. ಆ ಮೊದಲ ಆಟದ ಆರಂಭದ ದೃಶ್ಯದಲ್ಲೇ ಲಾರಾ ಕಲ್ಕತ್ತೆಯ ಹೋಟೆಲೊಂದರಲ್ಲಿ ಕೂತಿರುತ್ತಾಳೆ. 1998ರ ಮೂರನೇ ಆಟ ಶುರುವಾಗುವುದೇ ಭಾರತದಲ್ಲಿ: ಕಾಡು, ಹುಲಿ, ಪಾಳುಬಿದ್ದ ಗುಡಿ, ಕತ್ತಿ ಹಿಡಿದು ಜೀವ ತಳೆಯುವ ಬಹುಭುಜದ ವಿಗ್ರಹ, ಗಂಗಾನದಿಯ ಕೊಳ್ಳ. ಲಾರಾ ತೆಗೆದುಕೊಳ್ಳಬೇಕಾದ ಸಾಮಾನನ್ನು ಕಣ್ಣೆದುರೇ ಎತ್ತಿಕೊಂಡು ಓಡುವ ಕೋತಿಗಳೂ ಅಲ್ಲಿವೆ. ಆ ಭಾರತದ ಉಳಿದದ್ದೆಲ್ಲ ನಮ್ಮವರಿಗೆ ಪರಕೀಯ ಅನ್ನಿಸಬಹುದು. ಹಂಪಿಯಲ್ಲಿ ಬಾಳೆಹಣ್ಣು ಕಳೆದುಕೊಂಡವರಿಗೆ ಈ ಕೋತಿಗಳು ಮಾತ್ರ ಹಾಗೆ ಅನ್ನಿಸುವುದಿಲ್ಲ.

1996ರಿಂದ 2000ದವರೆಗೆ ವರ್ಷಕ್ಕೊಂದರಂತೆ ಆಟ ಬಂತು. 2000ದ ಕೊನೆಗೆ ಬಂದ ಐದನೆಯ ಆಟ ಕ್ರಾನಿಕಲ್ಸ್. ಅದರ ಕಂಪ್ಯೂಟರ್ ಆವೃತ್ತಿಯ ಪೆಟ್ಟಿಗೆಯಲ್ಲಿ ಆಟದ ಜತೆಗೆ ಇನ್ನೊಂದು ಸಾಮಾನು ಇತ್ತು: ಲೆವೆಲ್ ಎಡಿಟರ್. ಕೋರ್ ಡಿಸೈನ್‌ನವರು ಗೋರಿ ಕಟ್ಟಲು ತಾವು ಬಳಸುತ್ತಿದ್ದ ಸಲಕರಣೆಯನ್ನೇ ಆಟಗಾರರ ಕೈಗೆ ಕೊಟ್ಟುಬಿಟ್ಟಿದ್ದರು. ಕೈಪಿಡಿಯ ಜತೆಗೆ ಅಭ್ಯಾಸಕ್ಕೆಂದು ಈಜಿಪ್ಟಿನ ಒಂದು ಮಾದರಿ ಲೆವೆಲ್. ಒಳಗೆ ಓಡುತ್ತಿದ್ದದ್ದು ಅದಕ್ಕೂ ಹಿಂದಿನ, 1999ರ ‘ದಿ ಲಾಸ್ಟ್ ರೆವೆಲೇಷನ್’ ಆಟದ ಎಂಜಿನ್. ಕೊಟ್ಟವರು ಹೆಚ್ಚು ದಿನ ಉಳಿಯಲಿಲ್ಲ. 2003ರ ಆಟ ನೆಲಕಚ್ಚಿದ ಮೇಲೆ ಸರಣಿ ಡರ್ಬಿಯ ಕೈತಪ್ಪಿ ಅಮೆರಿಕದ ಕ್ರಿಸ್ಟಲ್ ಡೈನಾಮಿಕ್ಸ್‌ಗೆ ಹೋಯಿತು. ಕೆಲವು ವರ್ಷಗಳಲ್ಲಿ ಕೋರ್ ಡಿಸೈನ್ ಎಂಬ ಹೆಸರೇ ಇಲ್ಲವಾಯಿತು. ಡರ್ಬಿಯ ಒಂದು ರಸ್ತೆಗೆ ಲಾರಾ ಕ್ರಾಫ್ಟ್ ವೇ ಎಂಬ ಹೆಸರು ಉಳಿದಿದೆ. ಜನರ ಕೈಯಲ್ಲಿ ಎಡಿಟರ್ ಉಳಿದಿದೆ. ಅದರಿಂದ ಕಟ್ಟಿದ ಲೆವೆಲ್‌ಗಳು ಈಗ ಸಾವಿರಾರು. ಹಳೆಯ ಎಡಿಟರಿನ ಮಿತಿಗಳಿಗೆ ಬೇಸತ್ತ ಅಭಿಮಾನಿಗಳೇ ಟೂಂಬ್ ಎಡಿಟರ್ ಎಂಬ ಹೊಸದನ್ನು ಬರೆದು ಎಲ್ಲರಿಗೂ ಬಿಟ್ಟಿಯಾಗಿ ಹಂಚಿದ್ದಾರೆ.

ಎಡಿಟರ್ ತೆರೆದರೆ ಎದುರಿಗೆ ಗೋರಿ ಕಾಣುವುದಿಲ್ಲ. ಚೌಕುಳಿ ಹಾಳೆ ಕಾಣುತ್ತದೆ. ಈ ಲೋಕದಲ್ಲಿ ಎಲ್ಲದರ ಅಳತೆಯೂ ಚೌಕ. ಚೌಕದ ಕಾಲುಭಾಗದಷ್ಟು ಎತ್ತರಕ್ಕೆ ಕ್ಲಿಕ್ ಎಂದು ಹೆಸರು. ಮೌಸಿನ ಒಂದು ಒತ್ತಿಗೆ ನೆಲ ಅಷ್ಟು ಏರುತ್ತದೆ ಅಥವಾ ಇಳಿಯುತ್ತದೆ. ಕೋಣೆ ಎಂದರೆ ಚೌಕಗಳ ಒಂದು ಡಬ್ಬ. ಒಂದು ಡಬ್ಬದಿಂದ ಇನ್ನೊಂದಕ್ಕೆ ತೂತು ಕೊರೆದರೆ ಅದು ಪೋರ್ಟಲ್. ಹೀಗೆ ಡಬ್ಬಕ್ಕೆ ಡಬ್ಬ ಅಂಟಿಸುತ್ತಾ ಹೋಗಬೇಕು. ನೆಲಕ್ಕೆ, ಗೋಡೆಗೆ, ಸೂರಿಗೆ ಕಲ್ಲಿನ ಚಿತ್ರದ ತುಂಡುಗಳನ್ನು ಒಂದೊಂದಾಗಿ ಹಚ್ಚಬೇಕು. ಹಳೆಯ ಪದ್ಧತಿಯಲ್ಲಿ ಪ್ರತಿ ತುಂಡೂ 64 ಚುಕ್ಕೆ ಉದ್ದ, 64 ಚುಕ್ಕೆ ಅಗಲ. ಅದನ್ನು ಎತ್ತರದ ಗೋಡೆಗೆ ಹಾಗೇ ಎಳೆದು ಹಚ್ಚಿದರೆ ಕಲ್ಲು ರಬ್ಬರಿನ ಹಾಗೆ ಜಗ್ಗಿಕೊಂಡು ಕಾಣುತ್ತದೆ. ಆದ್ದರಿಂದ ಗೋಡೆಯನ್ನು ಪದರ ಪದರವಾಗಿ ಸೀಳಿ ಒಂದೊಂದು ಪದರಕ್ಕೂ ಬೇರೆ ತುಂಡು ಹಚ್ಚಬೇಕು. ಒಂದು ಹಜಾರಕ್ಕೆ ಹೀಗೆ ನೂರಾರು ತುಂಡು. ಕೈ ನೋಯುವ ಕೆಲಸ.

ಬೆಳಕಿನ ಕೆಲಸದಲ್ಲಿ ಮಾತ್ರ ಕಟ್ಟುಗರ ಮುಖ ಅರಳುತ್ತದೆ. ಎಡಿಟರಿನಲ್ಲಿ ಹಲವು ಬಗೆಯ ಬಲ್ಬುಗಳಿವೆ. ಸಾದಾ ಬೆಳಕಿನದೊಂದು, ಸೂರ್ಯನದೊಂದು, ಮಂಜಿನದೊಂದು. ಎಲ್ಲಕ್ಕಿಂತ ಮಜವಾದದ್ದು ನೆರಳಿನ ಬಲ್ಬು: ಇಟ್ಟ ಕಡೆ ಸುತ್ತ ಕತ್ತಲನ್ನು ಹರಡುತ್ತದೆ. ಕಂಬದ ಬುಡಕ್ಕೆ ಅಂಥದ್ದೊಂದನ್ನು ಇಟ್ಟರೆ ಕಂಬಕ್ಕೆ ತೂಕ ಬರುತ್ತದೆ, ನೆಲದ ಮೇಲೆ ನಿಜವಾಗಿ ಊರಿ ನಿಂತ ಹಾಗೆ ಕಾಣುತ್ತದೆ. ನಮ್ಮ ಕಟ್ಟುಗ ಹಜಾರವನ್ನು ಕತ್ತಲಾಗಿಸಿದ್ದು ಹೀಗೆ, ಬಹಳ ಹೆಮ್ಮೆಯಿಂದ. ಮೊದಲ ದೂರು ಬಂದದ್ದೂ ಆ ಕತ್ತಲಿನ ಬಗ್ಗೆಯೇ.

ದೂರು ಅರ್ಥವಾಗಬೇಕಾದರೆ ಲಾರಾಳ ಕಾಲಿನ ಲೆಕ್ಕ ಗೊತ್ತಿರಬೇಕು. ನಿಂತಲ್ಲಿಂದ ಜಿಗಿದರೆ ಅವಳು ಒಂದು ಚೌಕದ ಹೊಂಡ ದಾಟುತ್ತಾಳೆ. ಓಡಿ ಜಿಗಿದರೆ ಎರಡು. ಓಡಿ ಜಿಗಿದು, ಗಾಳಿಯಲ್ಲಿರುವಾಗಲೇ ಕೈಚಾಚಿ ಎದುರಿನ ಅಂಚಿಗೆ ಜೋತುಬಿದ್ದರೆ ಮೂರು. ಇದರಾಚೆ ಅರ್ಧ ಚೌಕವೂ ಇಲ್ಲ. ಪಳಗಿದ ಆಟಗಾರ ಹೊಂಡ ಕಂಡೊಡನೆ ಓಡುವುದಿಲ್ಲ. ಮೆಲ್ಲಗೆ ನಡೆದು ಅಂಚಿಗೆ ಬರುತ್ತಾನೆ, ಅಲ್ಲಿಂದ ಒಂದು ಹಿಂಜಿಗಿತ ಹಾಕುತ್ತಾನೆ, ಕಣ್ಣಲ್ಲೇ ಚೌಕ ಎಣಿಸುತ್ತಾನೆ, ಆಮೇಲೆ ಓಡುತ್ತಾನೆ. ಆ ಹಿಂಜಿಗಿತ ಓಟಕ್ಕೆ ಬೇಕಾದ ಜಾಗವನ್ನು ಸರಿಯಾಗಿ ಅಳೆದುಕೊಡುತ್ತದೆ. ಇಡೀ ಆಟ ನಿಂತಿರುವುದು ಈ ನಂಬಿಕೆಯ ಮೇಲೆ: ಕಣ್ಣಿಗೆ ಕಂಡ ದೂರ ಕಾಲಿಗೂ ಅಷ್ಟೇ ಇರುತ್ತದೆ.

ನಮ್ಮ ಹಜಾರದ ಹೊಂಡ ಮೂರು ಚೌಕದ್ದು. ಲೆಕ್ಕ ಸರಿ. ಆದರೆ ಆಚೆಯ ಅಂಚು ಕತ್ತಲಲ್ಲಿ ಮುಳುಗಿದೆ. ಎಣಿಸಲು ಹೊರಟ ಕಣ್ಣಿಗೆ ಎರಡನೆಯ ಚೌಕದಾಚೆ ಏನೂ ಕಾಣದು. ಕೆಲವರು ಎರಡೇ ಚೌಕ ಅಂದುಕೊಂಡು ಕೈಚಾಚದೆ ಜಿಗಿದರು, ಈಟಿಮೊನೆಯ ಮೇಲೆ ಬಿದ್ದರು. ಕೆಲವರು ದಾಟಲಾಗದ ಹೊಂಡ ಇದು ಎಂದು ನಂಬಿ ವಾಪಸು ತಿರುಗಿ, ಹಿಂದಿನ ಕೋಣೆಗಳಲ್ಲಿ ಇಲ್ಲದ ದಾರಿಯನ್ನು ಹುಡುಕುತ್ತಾ ಅಲೆದರು. ಇವರಲ್ಲಿ ಒಬ್ಬ ತನ್ನ ಆಟವನ್ನೆಲ್ಲ ವಿಡಿಯೋ ಮಾಡಿ ಕಳಿಸಿದ್ದಾನೆ. ಕಟ್ಟುಗ ಅದನ್ನು ನೋಡುತ್ತಾ ಕೂತಿದ್ದಾನೆ. ಲಾರಾ ಹೊಂಡದ ಅಂಚಿಗೆ ಬರುತ್ತಾಳೆ, ನಿಲ್ಲುತ್ತಾಳೆ, ಬಗ್ಗಿ ನೋಡುತ್ತಾಳೆ, ತಿರುಗಿ ಹೋಗುತ್ತಾಳೆ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಪರದೆಯ ಈಚೆ ಕೂತವನಿಗೆ ಕೂಗಿ ಹೇಳಬೇಕು ಅನ್ನಿಸುತ್ತದೆ: ಅಲ್ಲೇ ಇದೆ, ಜಿಗಿ ಮಾರಾಯ! ಕೂಗಿ ಪ್ರಯೋಜನವಿಲ್ಲ. ಅದು ಮೊನ್ನೆ ನಡೆದುಹೋದ ಆಟ.

ತಪ್ಪು ಎಲ್ಲಿದೆ ಎಂದು ಕಟ್ಟುಗನಿಗೆ ತಾನಾಗಿ ಯಾಕೆ ಹೊಳೆಯಲಿಲ್ಲ? ತನ್ನ ಮನೆಯ ಮೆಟ್ಟಿಲನ್ನು ದೀಪವಿಲ್ಲದೆ ಹತ್ತಿ ಅಭ್ಯಾಸವಾದವನಿಗೆ ಮೂರನೆಯ ಮೆಟ್ಟಿಲು ಮುರಿದಿರುವುದು ತಿಳಿಯುವುದೇ ಇಲ್ಲ. ಕಾಲು ತಾನಾಗಿ ಅದನ್ನು ದಾಟಿಬಿಡುತ್ತದೆ. ಅವನು ಈ ಹೊಂಡವನ್ನು ಅಗೆಯುವಾಗಲೇ ಮೂರು ಎಂದು ಎಣಿಸಿದ್ದ. ಪರೀಕ್ಷೆಗೆಂದು ಆಡಿದಾಗಲೆಲ್ಲ ನೋಡದೆಯೇ ಜಿಗಿದಿದ್ದ. ತಾನು ಕಟ್ಟಿದ ಜಾಗವನ್ನು ಮೊದಲ ಸಲ ಕಾಣುವ ಭಾಗ್ಯ ಕಟ್ಟುಗನಿಗೆ ಎಂದೂ ಸಿಗುವುದಿಲ್ಲ. ಆ ಮೊದಲ ನೋಟವನ್ನು ಅವನು ಬೇರೆಯವರಿಂದ ಸಾಲ ಪಡೆಯಬೇಕು. ಮೊದಲ ಆವೃತ್ತಿಯನ್ನು ಲೋಕಕ್ಕೆ ಬಿಡುವುದು ಎಂದರೆ ಒಂದು ರೀತಿಯಲ್ಲಿ ಈ ಸಾಲದ ಅರ್ಜಿಯೇ. ಪರಿಷ್ಕೃತ ಆವೃತ್ತಿ ಅದರ ತೀರುವಳಿ.

ರಿಪೇರಿ ಚಿಕ್ಕದು. ಹೊಂಡದಾಚೆಯ ಅಂಚಿನ ಮೇಲೆ ಒಂದು ಮಂದ ಬೆಳಕಿನ ಬಲ್ಬು, ನೀಲಿ ಛಾಯೆಯದು. ಸೂರಿನಲ್ಲಿ ಒಂದು ಬಿರುಕು, ಬೆಳಕು ಅಲ್ಲಿಂದ ಸೋರಿತು ಎಂದು ನಂಬಿಸುವುದಕ್ಕೆ. ಅಂಚಿನ ಕಲ್ಲಿಗೆ ಸವೆದ ಕಲ್ಲಿನ ಚಿತ್ರ, ಹಿಂದೆಯೂ ಯಾರೋ ಇಲ್ಲಿ ಕೈಯೂರಿ ಹತ್ತಿದ್ದಾರೆ ಅನ್ನುವ ಹಾಗೆ. ಹಜಾರದ ಕತ್ತಲು ಹೋಗಲಿಲ್ಲ. ಕತ್ತಲಿಗೆ ಒಂದು ಗುರಿ ಸಿಕ್ಕಿತು.

ಪಟ್ಟಿಯ ಎರಡನೆಯ ದೂರು ಇನ್ನೂ ಸೂಕ್ಷ್ಮದ್ದು. ಹಜಾರದ ಕೊನೆಗೆ ದೊಡ್ಡ ಕಲ್ಲಿನ ಬಾಗಿಲು. ಅದು ತೆರೆಯಲು ಎರಡು ಬೇರೆ ಬೇರೆ ಕೋಣೆಗಳಲ್ಲಿರುವ ಎರಡು ಹಿಡಿಕೆಗಳನ್ನು ಎಳೆಯಬೇಕು. ಎಡಿಟರಿನೊಳಗೆ ಇದರ ವ್ಯವಸ್ಥೆ ಸರಳ, ಸುಂದರ. ಪ್ರತಿ ಬಾಗಿಲಿಗೂ ಕಣ್ಣಿಗೆ ಕಾಣದ ಐದು ಗುಂಡಿಗಳಿವೆ; ಐದೂ ಒತ್ತಿಕೊಂಡಾಗ ಮಾತ್ರ ಬಾಗಿಲು ಅಲುಗುತ್ತದೆ. ಒಂದೇ ಹಿಡಿಕೆ ಇದ್ದರೆ ಐದನ್ನೂ ಅದಕ್ಕೇ ಒಪ್ಪಿಸುತ್ತಾರೆ. ಎರಡಿದ್ದರೆ ಹಂಚುತ್ತಾರೆ: ಮೊದಲ ಹಿಡಿಕೆಗೆ ಒಂದು ಮತ್ತು ಎರಡು, ಎರಡನೆಯದಕ್ಕೆ ಮೂರು, ನಾಲ್ಕು, ಐದು. ಎರಡೂ ಹಿಡಿಕೆ ಕೆಳಗಿಳಿದಾಗ ಲೆಕ್ಕ ತುಂಬುತ್ತದೆ, ಬಾಗಿಲು ಗೊರಗೊರ ಸದ್ದು ಮಾಡುತ್ತಾ ಏಳುತ್ತದೆ.

ಕಟ್ಟುಗ ಎಷ್ಟು ಸಲ ಪರೀಕ್ಷಿಸಿದರೂ ಬಾಗಿಲು ತೆರೆದಿತ್ತು. ಆಟಗಾರರಲ್ಲಿ ಕೆಲವರಿಗೆ ತೆರೆಯಲೇ ಇಲ್ಲ. ಕಾರಣ ಗೋಡೆಯಲ್ಲಿರಲಿಲ್ಲ, ಮನುಷ್ಯ ಸ್ವಭಾವದಲ್ಲಿತ್ತು. ಮೊದಲ ಹಿಡಿಕೆ ಎಳೆದ ಆಟಗಾರನಿಗೆ ಏನೂ ಆಗಿದ್ದು ಕಾಣಿಸಲಿಲ್ಲ. ಬಾಗಿಲು ದೂರದಲ್ಲಿದೆ, ಇನ್ನೂ ಮೂರು ಗುಂಡಿ ಬಾಕಿ, ಆಗುವುದಾದರೂ ಏನು? ಎಳೆದದ್ದು ಸರಿಯಾಗಿ ಕೂತಿಲ್ಲವೇನೋ ಎಂದು ಅವನು ಇನ್ನೊಂದು ಸಲ ಎಳೆದ. ಹಿಡಿಕೆ ಮೇಲೆದ್ದಿತು, ಒಂದು, ಎರಡು ಗುಂಡಿಗಳು ಬಿಚ್ಚಿಕೊಂಡವು. ಲಿಫ್ಟ್ ಬರಲಿಲ್ಲವೆಂದು ಗುಂಡಿಯನ್ನು ಮತ್ತೆ ಮತ್ತೆ ಒತ್ತುವವರಲ್ಲಿ ನಾವೂ ಇದ್ದೇವಲ್ಲ. ಆಮೇಲೆ ಅವನು ಎರಡನೆಯ ಕೋಣೆಗೆ ಹೋಗಿ ಅಲ್ಲಿಯ ಹಿಡಿಕೆಯನ್ನು ಒಮ್ಮೆಯೇ ಎಳೆದ. ಐದರಲ್ಲಿ ಮೂರು ಮಾತ್ರ. ಬಾಗಿಲು ಮುಚ್ಚಿಯೇ ಇತ್ತು. ಎರಡೂ ಹಿಡಿಕೆ ಎಳೆದಾಗಿದೆ ಎಂಬುದು ಅವನ ಮನಸ್ಸಿನಲ್ಲಿ ಗಟ್ಟಿ. ಆದ್ದರಿಂದ ಅತ್ತ ಮತ್ತೆ ಹೋಗಿ ನೋಡುವ ಪ್ರಶ್ನೆಯೇ ಬರಲಿಲ್ಲ.

ಇದಕ್ಕೆ ಎರಡು ಮದ್ದು. ಒಂದು, ಹಿಡಿಕೆ ಒಂದೇ ಸಲ ಕೆಲಸ ಮಾಡುವ ಹಾಗೆ ಹೊಂದಿಸಿಬಿಡುವುದು. ಆಮೇಲೆ ಎಷ್ಟು ಎಳೆದರೂ ಮೊದಲ ಎಳೆತದ ಫಲ ಅಳಿಯುವುದಿಲ್ಲ. ಇನ್ನೊಂದು, ಹಿಡಿಕೆ ಎಳೆದೊಡನೆ ಕ್ಷಣಕಾಲ ಕ್ಯಾಮೆರಾವನ್ನು ದೂರದ ಬಾಗಿಲಿನತ್ತ ಕಳಿಸುವುದು. ಅಲ್ಲಿ ಬಾಗಿಲ ಪಕ್ಕದ ಎರಡು ಬೋಗುಣಿಗಳಲ್ಲಿ ಒಂದಕ್ಕೆ ಬೆಂಕಿ ಹತ್ತಿಕೊಳ್ಳುವುದನ್ನು ತೋರಿಸುವುದು. ಕಟ್ಟುಗ ಎರಡನ್ನೂ ಮಾಡಿದ. ಈಗ ಮೊದಲ ಹಿಡಿಕೆ ಎಳೆದವನಿಗೆ ಒಂದು ಬೋಗುಣಿ ಉರಿಯುವುದೂ ಕಾಣುತ್ತದೆ, ಇನ್ನೊಂದು ಆರಿರುವುದೂ ಕಾಣುತ್ತದೆ. ಒಂದು ಮಾತೂ ಆಡದೆ ಅರ್ಧ ಕೆಲಸ ಮುಗಿಯಿತು, ಇನ್ನರ್ಧ ಬಾಕಿ ಎಂದು ಹೇಳಿದಂತಾಯಿತು.

ಮೂರನೆಯದು ಅಸ್ಥಿಪಂಜರದ ತಕರಾರು. ಈ ಎಂಜಿನ್ನಿನ ಅಸ್ಥಿಪಂಜರಗಳು ಪಿಸ್ತೂಲಿನ ಗುಂಡಿಗೆ ಸಾಯುವುದಿಲ್ಲ. ಸತ್ತೇ ಹುಟ್ಟಿದವನ್ನು ಮತ್ತೆ ಕೊಲ್ಲುವುದು ಹೇಗೆ? ಶಾಟ್‌ಗನ್ನಿನ ಏಟಿಗೆ ಹಿಂದಕ್ಕೆ ಎಗರುತ್ತವೆ. ಅಂಚಿನ ಹತ್ತಿರ ನಿಂತಿದ್ದಾಗ ಹೊಡೆದರೆ ಪ್ರಪಾತಕ್ಕೆ ಬೀಳುತ್ತವೆ, ಪೀಡೆ ತೊಲಗುತ್ತದೆ. ಕಟ್ಟುಗ ಕಿರುಸೇತುವೆಯೊಂದರ ಮೇಲೆ ಎರಡು ಅಸ್ಥಿಪಂಜರ ನಿಲ್ಲಿಸಿದ್ದ. ಶಾಟ್‌ಗನ್ನನ್ನು ಮಾತ್ರ ಗುಪ್ತಸ್ಥಳದಲ್ಲಿ ಇಟ್ಟಿದ್ದ. ಟೂಂಬ್ ರೈಡರ್‌ನ ಗುಪ್ತಸ್ಥಳ ಎಂದರೆ ಹೆದ್ದಾರಿ ಬಿಟ್ಟು ಬಳಸಿಹೋದವನಿಗೆ ಸಿಗುವ ಬಹುಮಾನ. ಸಿಕ್ಕೊಡನೆ ಒಂದು ಚಿಕ್ಕ ಸಂಗೀತ ಮೊಳಗುತ್ತದೆ. ಅದನ್ನು ಕಾಣದೆ ಮುಂದೆ ಹೋದವನಿಗೆ ಸೇತುವೆ ದಾಟುವುದು ನರಕಯಾತನೆಯಾಯಿತು. ಬಹುಮಾನ ಇರಲಿ, ಅದಿಲ್ಲದಿದ್ದರೆ ಬದುಕೇ ಇಲ್ಲ ಎನ್ನುವಂತಾಗಬಾರದು. ಈಗ ಶಾಟ್‌ಗನ್ ಹೆದ್ದಾರಿಗೇ ಬಂದಿದೆ, ಗುಪ್ತಸ್ಥಳಕ್ಕೆ ಅದರ ಹೆಚ್ಚುವರಿ ತೋಟಾ ಹೋಗಿದೆ.

ಉಳಿದವು ಚಿಲ್ಲರೆ ದೂರುಗಳು, ಆದರೆ ಮಾನ ಕಳೆಯುವಂಥವು. ಒಂದು ಮೂಲೆಯಲ್ಲಿ ಎದುರುಬದುರು ಎರಡು ಇಳಿಜಾರು. ಲಾರಾ ಒಂದರಿಂದ ಜಾರಿ ಇನ್ನೊಂದಕ್ಕೆ ಬೀಳುತ್ತಾಳೆ, ಅದರಿಂದ ಜಾರಿ ಇದಕ್ಕೆ. ಸೇವ್ ಮಾಡಿಟ್ಟ ಹಳೆಯ ಆಟವನ್ನು ತೆರೆಯುವ ತನಕ ಬಿಡುಗಡೆಯಿಲ್ಲ. ಕಟ್ಟುಗರ ನಡುವೆ ಇಂಥದ್ದಕ್ಕೆ ಅಕ್ರಮ ಇಳಿಜಾರು ಎಂದೇ ಹೆಸರು. ಇನ್ನೊಂದು ಕಡೆ ಸೂರಿನ ಒಂದು ತುಂಡಿಗೆ ಕಲ್ಲು ಹಚ್ಚಲು ಮರೆತುಹೋಗಿ ಅಲ್ಲಿ ಬರೀ ಕಪ್ಪು ಶೂನ್ಯ. ಮತ್ತೊಂದು ಕಡೆ ಮೊಸಳೆ ನೀರು ಬಿಟ್ಟು ಗೋಡೆಯೊಳಗೆ ಅರ್ಧ ಹೂತುಹೋಗಿದೆ. ನೀರು ತುಂಬಿದ ಒಂದು ಕೋಣೆಯಲ್ಲಿ ಗೋಡೆಯ ಗೂಡೊಂದರಲ್ಲಿ ಕೀಲಿ ಇದೆ. ಉಸಿರು ಮುಗಿಯುವುದರೊಳಗೆ ಈಜಿ ಹೋಗಿ ತರಬೇಕು. ಅದಕ್ಕೆ ಯಾರ ದೂರೂ ಇಲ್ಲ. ಎಲ್ಲರೂ ಹೊಗಳಿದ ಜಾಗ ಅದೊಂದೇ.

ಎಲ್ಲ ದೂರಿಗೂ ಅವನು ತಲೆಬಾಗಲಿಲ್ಲ. ಕಂಬಗಳ ಮೇಲೆ ಹತ್ತಿ ಹೋಗುವ ಒಂದು ಓರೆ ಜಿಗಿತ ಬಹಳ ಕಷ್ಟ, ಸುಲಭ ಮಾಡು ಎಂದು ಹಲವರು ಕೇಳಿದ್ದರು. ಅವನು ವಿಡಿಯೋ ಮತ್ತೆ ನೋಡಿದ. ಅಲ್ಲಿ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು, ಚೌಕ ಎಣಿಸಬಹುದಿತ್ತು, ಬಿದ್ದವನಿಗೆ ತಾನು ಯಾಕೆ ಬಿದ್ದೆ ಎಂದು ಗೊತ್ತಾಗುತ್ತಿತ್ತು. ಅದನ್ನು ಮುಟ್ಟಲಿಲ್ಲ. ಕಷ್ಟಕ್ಕೂ ಅನ್ಯಾಯಕ್ಕೂ ನಡುವಿನ ಗೆರೆ ಅದು. ಮೊದಲನೆಯದು ಆಟಗಾರನ ಪಾಲಿನದು, ಎರಡನೆಯದು ಕಟ್ಟುಗನ ಪಾಲಿನದು.

ಈಗ ಒಂದು ಇಕ್ಕಟ್ಟು. ಅಂಗಡಿಯ ಆಟವಾದರೆ ಕಂಪನಿ ರಾತ್ರೋರಾತ್ರಿ ಅಪ್‌ಡೇಟ್ ಕಳಿಸುತ್ತದೆ. ಆಡುವವನಿಗೆ ಗೊತ್ತೇ ಆಗದಂತೆ ಅವನ ಮನೆಯ ಯಂತ್ರದಲ್ಲಿ ತೇಪೆ ಬೀಳುತ್ತದೆ. ಅಭಿಮಾನಿಯ ಲೆವೆಲ್ ಒಂದು ಜಿಪ್ ಫೈಲ್. ಒಮ್ಮೆ ಇಳಿಸಿಕೊಂಡವರ ಹತ್ತಿರ ಹಳೆಯದು ಹಾಗೇ ಇರುತ್ತದೆ. ಹಳೆಯದರಲ್ಲಿ ಅರ್ಧದವರೆಗೆ ಆಡಿದವರ ಪಾಡು ಇನ್ನೂ ಕಷ್ಟ. ಸೇವ್ ಫೈಲಿನಲ್ಲಿ ಕೋಣೆಯ ಚಿತ್ರ ಇರುವುದಿಲ್ಲ. ಇಷ್ಟನೆಯ ನಂಬರಿನ ಬಾಗಿಲು ತೆರೆದಿದೆ, ಇಷ್ಟನೆಯ ನಂಬರಿನ ಚೇಳು ಸತ್ತಿದೆ ಎಂಬ ಪಟ್ಟಿ ಇರುತ್ತದೆ, ಅಷ್ಟೆ. ಲೆವೆಲ್ಲಿಗೆ ಹೊಸದೊಂದು ಸಾಮಾನು ಸೇರಿಸಿದರೆ ನಂಬರುಗಳೆಲ್ಲ ಏರುಪೇರಾಗಿ ಹಳೆಯ ಪಟ್ಟಿ ಹೊಸ ಗೋರಿಗೆ ಹೊಂದುವುದಿಲ್ಲ. ಚೇಳಿನ ಸಾವು ಬಾಗಿಲಿಗೆ ತಗಲಿಕೊಳ್ಳಬಹುದು. ಇಲ್ಲವೇ ಆಟವೇ ಕುಸಿದು ಪರದೆ ಮುಚ್ಚಬಹುದು. ಆದ್ದರಿಂದ ಪರಿಷ್ಕೃತ ಆವೃತ್ತಿಯ ಜತೆಗೆ ಒಂದು ಸೂಚನೆ ಕಡ್ಡಾಯ: ಹಳೆಯ ಸೇವ್ ನಡೆಯುವುದಿಲ್ಲ, ಮೊದಲಿನಿಂದ ಆಡಿ.

ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಮೂರು ಗಂಟೆ ಆಡಿ ಕೊನೆಯ ಕೋಣೆಗೆ ಬಂದವನಿಗೆ ಮತ್ತೆ ಬಾಗಿಲ ಹೊರಗೆ ನಿಲ್ಲು ಎಂದ ಹಾಗೆ. ಜತೆಗೆ ಇನ್ನೊಂದು ಸಂಕೋಚ. ಬೇರೆಯವರ ಲೆವೆಲ್‌ಗಳಿಗೆ ಕೋಣೆ ಕೋಣೆಯಾಗಿ ದಾರಿ ಬರೆದಿಡುವ ಅಭಿಮಾನಿಗಳೂ ಇದ್ದಾರೆ. ಎಲ್ಲಿ ಎಡಕ್ಕೆ, ಎಲ್ಲಿ ಹಿಡಿಕೆ, ಎಲ್ಲಿ ಗುಪ್ತಸ್ಥಳ ಎಂದು ಪುಟಗಟ್ಟಲೆ ಬರೆಯುತ್ತಾರೆ, ಅದೂ ಬಿಟ್ಟಿಯಾಗಿ. ಆಟ, ವಸ್ತು, ವಾತಾವರಣ, ಬೆಳಕು ಎಂದು ವಿಂಗಡಿಸಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ವಿಮರ್ಶೆ ಬರೆಯುವವರೂ ಇದ್ದಾರೆ. ಲೆವೆಲ್ ಬದಲಾದರೆ ಅವರ ಬರಹ ಹಳಸುತ್ತದೆ. ಕತ್ತಲು ಹೆಚ್ಚಾಯಿತು ಎಂದು ಅಂಕ ಕಳೆದವರ ಮಾತು ಇಲ್ಲದ ಕತ್ತಲಿನ ಬಗ್ಗೆ ಆಡಿದ ಮಾತಾಗಿ ಉಳಿಯುತ್ತದೆ.

ಕಂಪನಿಗಳಿಗೆ ಈ ಸಂಕೋಚವಿಲ್ಲ, ಅವರ ಹತ್ತಿರ ಉಪಾಯವಿದೆ. ಲಾರಾಳ ಒಡೆತನ ಐಡಾಸ್‌ನಿಂದ 2009ರಲ್ಲಿ ಜಪಾನಿನ ಸ್ಕ್ವೇರ್ ಎನಿಕ್ಸ್‌ಗೆ, 2022ರಲ್ಲಿ ಸ್ವೀಡನ್ನಿನ ಎಂಬ್ರೇಸರ್‌ಗೆ ದಾಟಿತು. ಮೊದಲ ಮೂರು ಆಟಗಳು 2024ರ ಫೆಬ್ರುವರಿ 14ರಂದು, ಮುಂದಿನ ಮೂರು 2025ರ ಅದೇ ದಿನ ಹೊಸ ಮೆರುಗಿನೊಡನೆ ಮತ್ತೆ ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಒಂದು ಗುಂಡಿ ಇದೆ: ಒತ್ತಿದರೆ ಹೊಸ ಗೋಡೆಯ ಜಾಗದಲ್ಲಿ ಹಳೆಯ ಗೋಡೆ, ಮತ್ತೆ ಒತ್ತಿದರೆ ಹೊಸತು. ಹಳಬರಿಗೂ ಹೊಸಬರಿಗೂ ಏಕಕಾಲಕ್ಕೆ ಸಮಾಧಾನ. ಮೇಜಿನ ಮುಂದೆ ಕೂತ ಒಂಟಿ ಕಟ್ಟುಗನಿಗೆ ಆ ಗುಂಡಿ ಇಲ್ಲ. ಅವನು ಎರಡರಲ್ಲಿ ಒಂದನ್ನು ಆರಿಸಬೇಕು.

ಆರಿಸಿದ್ದಾನೆ. ಕೊನೆಯ ಸಲ ಲೆವೆಲ್ಲನ್ನು ಮೊದಲಿನಿಂದ ಕಡೆಯವರೆಗೆ ಆಡುತ್ತಾನೆ. ಮಧ್ಯದಲ್ಲಿ ಎಲ್ಲಾದರೂ ಒಂದು ತಪ್ಪು ಕಂಡರೆ ಎಡಿಟರ್ ತೆರೆದು, ತಿದ್ದಿ, ಮತ್ತೆ ಆಟಕ್ಕೆ ಪರಿವರ್ತಿಸಿ, ಮತ್ತೆ ಮೊದಲಿನಿಂದ ಆಡಬೇಕು. ಒಂದನ್ನು ತಿದ್ದಿದ ಕೈ ಇನ್ನೊಂದನ್ನು ಕೆಡಿಸಿರುವುದು ಈ ಕೆಲಸದಲ್ಲಿ ದಿನಾ ನಡೆಯುವ ಮಾತು. ಇಳಿಜಾರು ಸರಿಪಡಿಸಲು ನೆಲವನ್ನು ಒಂದು ಕ್ಲಿಕ್ ಏರಿಸಿದ್ದ. ಈಗ ಅಲ್ಲಿಂದ ಪಕ್ಕದ ಕಂಬದ ತುದಿ ಲಾರಾಳ ಕೈಗೆ ಎಟಕುತ್ತಿದೆ, ಅಲ್ಲಿ ಹತ್ತಿದರೆ ಅರ್ಧ ಗೋರಿಯನ್ನೇ ಬಿಟ್ಟು ಮುಂದೆ ಹೋಗಬಹುದು. ಕಂಬವನ್ನು ಒಂದು ಕ್ಲಿಕ್ ಏರಿಸಿ ಲೆಕ್ಕ ಸರಿಮಾಡುತ್ತಾನೆ.

ಆಮೇಲೆ ಕಟ್ಟುವ ಕೆಲಸ ಮುಗಿದು ಕಟ್ಟು ಕಟ್ಟುವ ಕೆಲಸ. ಟಿಆರ್4 ಎಂಬ ಬಾಲವಿರುವ ಲೆವೆಲ್ ಫೈಲ್, ಲೆವೆಲ್ಲಿನ ಹೆಸರು, ಆಕಾಶದ ಬಣ್ಣ ಹೇಳುವ ಸ್ಕ್ರಿಪ್ಟ್ ಫೈಲ್, ಸಂಗೀತದ ಫೋಲ್ಡರ್. ಜತೆಗೊಂದು ಓದಿಕೊಳ್ಳುವ ಪುಟ. ಅದರಲ್ಲಿ ಕಥೆಯ ನಾಲ್ಕು ಸಾಲು, ಕಂಬದ ಚಿತ್ರ ಯಾರದು, ಮೊಸಳೆಯ ಚಲನೆ ಯಾರದು, ಪರೀಕ್ಷಿಸಿ ಕೊಟ್ಟವರು ಯಾರು ಎಂಬ ಕೃತಜ್ಞತೆಯ ಉದ್ದ ಪಟ್ಟಿ. ಬೇರೆಯವರು ಮಾಡಿದ ಒಂದು ಹೂಜಿಯನ್ನು ಬಳಸಿದ್ದರೂ ಹೆಸರು ಬಿಡುವಂತಿಲ್ಲ. ಈ ಬಳಗದಲ್ಲಿ ಓಡುವ ನಾಣ್ಯ ಅದೊಂದೇ. ಇದನ್ನು ಮಾಡಿದ್ದು ಮೂಲ ಕಂಪನಿಯಲ್ಲ, ಇದಕ್ಕೂ ಅವರಿಗೂ ಸಂಬಂಧವಿಲ್ಲ ಎಂಬ ರೂಢಿಯ ಹೇಳಿಕೆ. ಕೊನೆಗೆ ಬದಲಾವಣೆಗಳ ಪಟ್ಟಿ: ಹಜಾರದ ಬೆಳಕು, ಹಿಡಿಕೆಗಳು, ಬೋಗುಣಿಯ ಬೆಂಕಿ, ಶಾಟ್‌ಗನ್, ಇಳಿಜಾರು, ಸೂರಿನ ತೂತು, ಮೊಸಳೆ.

ಪಟ್ಟಿಯಲ್ಲಿ ಒಂದು ಬದಲಾವಣೆಯನ್ನು ಅವನು ಬೇಕೆಂದೇ ಬರೆದಿಲ್ಲ. ಮೊದಲಿನಿಂದ ಆಡಿ ಎಂದು ಬರೆದಾಗಿನಿಂದ ಅವನ ತಲೆಯಲ್ಲಿ ಕೊರೆಯುತ್ತಿದ್ದದ್ದು ಹಳೆಯ ಆಟಗಾರರ ಪಾಡು. ಅವರಿಗೆ ಈಗ ಎಲ್ಲ ಗೊತ್ತು: ಹೊಂಡ ಎಷ್ಟು ಚೌಕ, ಹಿಡಿಕೆ ಎಲ್ಲಿ, ಮೊಸಳೆ ಯಾವ ಮೂಲೆಯಲ್ಲಿ. ಅಂದರೆ ಅವರೂ ಈಗ ಕಟ್ಟುಗನ ಹಾಗೆಯೇ ಕುರುಡರು, ನೋಡದೆಯೇ ಜಿಗಿಯುವವರು. ಅವನಿಗೆ ಮೊದಲ ನೋಟವನ್ನು ಸಾಲ ಕೊಟ್ಟವರು ತಮ್ಮದನ್ನು ಕಳೆದುಕೊಂಡಿದ್ದಾರೆ. ಬಡ್ಡಿಯ ಸಮೇತ ಹಿಂದಿರುಗಿಸಬೇಡವೇ?

ಹೊಸ ಆವೃತ್ತಿ ಇಳಿಸಿಕೊಂಡ ಹಳೆಯ ಆಟಗಾರನೊಬ್ಬ ಹಜಾರ ದಾಟಿ, ಬೋಗುಣಿಗೆ ಬೆಂಕಿ ಹತ್ತಿದ್ದನ್ನು ಮೆಚ್ಚಿ, ನೀರಿನ ಕೋಣೆಗೆ ಬಂದು ಧುಮುಕುತ್ತಾನೆ. ದಾರಿ ಬಾಯಿಪಾಠ. ಬಲಕ್ಕೆ ತಿರುಗಿ, ಕಮಾನಿನ ಕೆಳಗೆ ನುಸುಳಿ, ನೇರ ಗೂಡಿಗೆ. ಗೂಡಿನಲ್ಲಿ ಕೀಲಿ ಇಲ್ಲ. ಗಾಯಕ್ಕೆ ಹಚ್ಚುವ ಮದ್ದಿನ ಒಂದು ಪುಟ್ಟ ಪೆಟ್ಟಿಗೆ ಇದೆ. ಉಸಿರಿನ ಪಟ್ಟಿ ಕರಗುತ್ತಿದೆ. ಈ ಕೋಣೆಯಲ್ಲಿ ಇನ್ನೂ ಏನೇನಿದೆ ಎಂದು ಅವನು ಮೊದಲ ಸಲ ತಲೆಯೆತ್ತಿ ಸುತ್ತ ನೋಡಬೇಕಾಗುತ್ತದೆ.